ಅರಗು ಕಳೆದ ತೂಕ

1995ರ ಆಷಾಢದ ಒಂದು ಭಾನುವಾರ ಮಧ್ಯಾಹ್ನ, ಶಿಕಾರಿಪುರದಲ್ಲಿ ನಡೆಯುತ್ತಿದ್ದ ಎರಡು ತಾಲ್ಲೂಕುಗಳ ಕ್ಯಾರಂ ಸ್ಪರ್ಧೆಯ ಮಹಿಳೆಯರ ಫೈನಲ್ ಅರ್ಧಕ್ಕೆ ನಿಂತಿತು. ಸೊರಬದ ಸುಶೀಲಾ ಆಡುತ್ತಿದ್ದ ಸ್ಟ್ರೈಕರ್ ನಕಲಿ ಎಂಬುದು ತಕರಾರು. ನಕಲಿ ಸ್ಟ್ರೈಕರ್ ಹಿಡಿದು ಸ್ಪರ್ಧೆಯಲ್ಲಿ ಆಡಬಹುದೋ ಬಾರದೋ ಎಂಬುದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಕಳೆದ ತಿಂಗಳು ಒಂದು ಮದುವೆಗೆಂದು ಶಿಕಾರಿಪುರಕ್ಕೆ ಹೋಗಿದ್ದೆ. ಪೇಟೆಯಲ್ಲಿ ಮಳೆ ಹಿಡಿಯಿತು. ಓಡಿ ಹೋಗಿ ನಿಂತ ಜಗಲಿ ಅಕ್ಕಸಾಲಿಗರ ಅಂಗಡಿಯದು. ಒಳಗೆ ಯಾರೋ ಕೆಂಡದ ಮೇಲೆ ಅರಗು ಕಾಯಿಸುತ್ತಿದ್ದರು. ಆ ವಾಸನೆಗೆ ಆ ಮಳೆಗಾಲ ಪೂರ್ತಿ ನೆನಪಿಗೆ ಬಂತು.

ಆಗ ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಶಿಕಾರಿಪುರದಿಂದ ಸುದ್ದಿ ಕಳಿಸುತ್ತಿದ್ದೆ. ಸೊರಬವೂ ನನ್ನ ಪಾಲಿಗೇ ಬಂದಿತ್ತು. ಮಳೆಗಾಲದಲ್ಲಿ ಸುದ್ದಿಗಳು ಹೆಚ್ಚುಕಮ್ಮಿ ಒಂದೇ: ತಾಲ್ಲೂಕು ಕಚೇರಿಯಲ್ಲಿ ಅಳೆದ ಮಳೆ, ಉಳವಿ ಕಡೆಯ ಬಸ್ಸು ಕೆಸರಲ್ಲಿ ಹೂತದ್ದು, ಗುಡವಿ ಕೆರೆಗೆ ಹಕ್ಕಿ ಬಂದದ್ದು. ಬರೆದದ್ದನ್ನು ಕವರಿಗೆ ಹಾಕಿ ಸಂಜೆಯ ಶಿವಮೊಗ್ಗ ಬಸ್ಸಿನ ಡ್ರೈವರ್ ಕೈಗೆ ಕೊಡಬೇಕು. ಏನಾಯಿತು ಎಂಬುದು ಮೊದಲ ವಾಕ್ಯದಲ್ಲೇ ಬರಬೇಕು ಎಂಬುದು ಸಂಪಾದಕರ ಒಂದೇ ಕಟ್ಟಳೆ. ಆ ವರ್ಷ ನನಗೆ ಬರೆಯಲಾಗದೆ ಹೋದ ಮೊದಲ ವಾಕ್ಯ ಈ ಕ್ಯಾರಂ ಸ್ಪರ್ಧೆಯದು.

ಮಳೆಗಾಲದಲ್ಲಿ ವಾಲಿಬಾಲ್ ಅಂಕಣ ನೀರಲ್ಲಿ ಮುಳುಗಿದ ಮೇಲೆ ಊರಿಗೆ ಉಳಿಯುವುದು ಕ್ಯಾರಂ ಒಂದೇ. ಅದೂ ಸುಲಭವಲ್ಲ. ತೇವಕ್ಕೆ ಬೋರ್ಡಿನ ಹಲಗೆ ಉಬ್ಬುತ್ತದೆ. ಪೌಡರ್ ಉಂಡೆ ಕಟ್ಟುತ್ತದೆ. ಸ್ಟ್ರೈಕರ್ ಅರ್ಧ ದಾರಿಗೇ ನಿಂತುಬಿಡುತ್ತದೆ. ಅದಕ್ಕೆ ಬೋರ್ಡಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮೇಲೆ ದೊಡ್ಡ ಬಲ್ಬು ಇಳಿಬಿಟ್ಟು ಆಡುತ್ತಿದ್ದರು. ಕೆಂಡ ಜಾಸ್ತಿಯಾದರೆ ಬೋರ್ಡು ಬಿರಿಯುತ್ತದೆ, ಕಮ್ಮಿಯಾದರೆ ಆಟ ಸಾಗುವುದಿಲ್ಲ. ಆಟದ ನಡುವೆ ಆಗಾಗ ಬಗ್ಗಿ ಕೆಂಡಕ್ಕೆ ಬೂದಿ ಮುಚ್ಚುವ ಕೆಲಸವೂ ತೀರ್ಪುಗಾರರದೇ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಹನುಮಂತಪ್ಪ ಆ ವರ್ಷದ ತೀರ್ಪುಗಾರರು.

ಫೈನಲ್‌ಗೆ ಬಂದವರು ಇಬ್ಬರು. ಒಬ್ಬರು ಶಿಕಾರಿಪುರದ ಜವಳಿ ಅಂಗಡಿ ಮನೆತನದ ಅನ್ನಪೂರ್ಣಕ್ಕ, ನಲವತ್ತರ ಆಸುಪಾಸಿನವರು. ಅಂಗಡಿಯ ಅಟ್ಟದ ಮೇಲೆ ಮಧ್ಯಾಹ್ನದ ಹೊತ್ತು ಮೈದುನ ಶಿವಾನಂದನ ಜತೆ ಆಡಿ ಆಡಿ ಕೈ ಕುದುರಿಸಿಕೊಂಡವರು. ಇನ್ನೊಬ್ಬಳು ಸುಶೀಲಾ, ಸೊರಬದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದಿನಗೂಲಿಯ ಆಪರೇಟರ್. ಎಕ್ಸ್‌ಚೇಂಜ್ ಇಷ್ಟರಲ್ಲೇ ಆಟೋಮ್ಯಾಟಿಕ್ ಆಗುತ್ತದೆ, ಆಮೇಲೆ ನಂಬರ್ ಜೋಡಿಸುವವರು ಬೇಕಿಲ್ಲ ಎಂಬ ಮಾತು ಆಗಲೇ ಎದ್ದಿತ್ತು. ಗೆದ್ದವರು ಜಿಲ್ಲೆಯ ಪರವಾಗಿ ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುತ್ತಾರೆ. ಬೇರೆ ತಾಲ್ಲೂಕುಗಳಲ್ಲಿ ಹೆಂಗಸರ ಸ್ಪರ್ಧೆಯೇ ಆಗಿರಲಿಲ್ಲ. ರಾಜ್ಯ ಮಟ್ಟದಲ್ಲಿ ಆಡಿದರೆ ಕಾಯಂ ಕೆಲಸಕ್ಕೆ ಕ್ರೀಡಾ ಮೀಸಲಿನಲ್ಲಿ ಅರ್ಜಿ ಹಾಕಬಹುದು ಎಂದು ಆಫೀಸಿನವರು ಹೇಳಿದ್ದನ್ನು ನಂಬಿಕೊಂಡು ಸುಶೀಲಾ ಬಂದಿದ್ದಳು. ಮರುವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಇದನ್ನೆಲ್ಲ ಅವಳೇ ಬೆಳಿಗ್ಗೆ ಚಹಾ ಕುಡಿಯುತ್ತ ನನಗೆ ಹೇಳಿದ್ದಳು. "ಪೇಪರಲ್ಲಿ ಹಾಕ್ಬೇಡಿ ಮಾರಾಯ್ರೆ, ಗೆದ್ದರೆ ಹಾಕಿ" ಎಂದೂ ಹೇಳಿದ್ದಳು.

ತಕರಾರು ತೆಗೆದವನು ಶಿವಾನಂದ. ಸುಶೀಲಾ ಮುಂದಿದ್ದಳು. ಅವಳ ಕೈ ಬೋರ್ಡಿಂದ ಮೇಲೆದ್ದಾಗ ಅವನು ಬಗ್ಗಿ ಸ್ಟ್ರೈಕರ್ ಎತ್ತಿಕೊಂಡ.

"ಇದು ಬಾಂಬೆದಲ್ಲ. ಡೂಪ್ಲಿಕೇಟ್ ಐತಿ."

"ಬಾಂಬೆದು ಅಂತ ನಾನೆಲ್ಲಿ ಹೇಳಿದ್ದೆ? ಸೊರಬದ್ದು. ನಮ್ಮ ಮಾವ ಮಾಡಿದ್ದು."

"ಮತ್ತೆ ಬಾಂಬೆ ಕಂಪನಿ ಹೆಸರು ಯಾಕೈತಿ ಇದರ ಮ್ಯಾಲೆ?"

"ನೋಡಿ ಮಾಡಿದ ಬಾಂಬೆದರಲ್ಲಿ ಹೂವಿನ ಪಕ್ಕ ಅದೂ ಇತ್ತಲ್ಲ, ಕೆತ್ತಿದಾರೆ. ಮಾವಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಬಳ್ಳಿ ಅಂದ್ಕೊಂಡಿರ್ಬೇಕು."

ಕೋಣೆ ನಕ್ಕಿತು. ಶಿವಾನಂದ ನಗಲಿಲ್ಲ. "ನಾಳೆ ನೋಟಿನ ಮ್ಯಾಲಿನ ಬಳ್ಳೀನೂ ಕೆತ್ತತಾರೇನು ನಿಮ್ಮ ಮಾವ?"

"ಶಿವೂ, ಸುಮ್ನಿರೋ," ಅಂದರು ಅನ್ನಪೂರ್ಣಕ್ಕ. "ಕೆಂಡ ಆರೋದ್ರೊಳಗೆ ಮುಗಿಸ್ತೀವಿ. ಸೋಲ್ತಿರೋಳು ನಾನು, ನಿಂಗೇನು ಉರಿ?"

ಅಷ್ಟರಲ್ಲಿ ಮಾತು ಅವರ ಕೈ ದಾಟಿ ಹೋಗಿತ್ತು. ಡೂಪ್ಲಿಕೇಟ್ ಟಿಕೆಟ್ ಇಟ್ಟುಕೊಂಡು ಬಸ್ಸಲ್ಲಿ ಕೂರಲಿಕ್ಕೆ ಬಿಡ್ತಾರೇನ್ರಿ ಎಂದು ಒಬ್ಬರು ಕೇಳಿದರು. ಊರ ಬಡಗಿ ಮಾಡಿದ ಬ್ಯಾಟಲ್ಲಿ ಸಿಕ್ಸ್ ಹೊಡೆದರೆ ಅದು ಸಿಕ್ಸ್ ಅಲ್ಲವಾ ಎಂದು ಸೊರಬದವರೊಬ್ಬರು ಕೇಳಿದರು. ಎರಡೂ ಸರಿ ಎನಿಸಿತು. ಮೇಷ್ಟ್ರ ಹತ್ತಿರ ನಿಯಮಗಳ ಒಂದು ಹಾಳೆಯಿತ್ತು. ಅದನ್ನು ಬಲ್ಬಿನ ಕೆಳಗೆ ಹಿಡಿದು ಗಟ್ಟಿಯಾಗಿ ಓದಿದರು. ಸ್ಟ್ರೈಕರ್ ದುಂಡಗಿರಬೇಕು, ನುಣುಪಾಗಿರಬೇಕು, ಹದಿನೈದು ಗ್ರಾಂ ಮೀರಬಾರದು, ದಂತದ್ದೂ ಲೋಹದ್ದೂ ಆಗಿರಬಾರದು. ಯಾರು ಮಾಡಿರಬೇಕು ಎಂಬುದು ಎಲ್ಲೂ ಇರಲಿಲ್ಲ. ಯಾರ ಹೆಸರು ಹಾಕಬಾರದು ಎಂಬುದೂ ಇರಲಿಲ್ಲ.

"ಇಲ್ಲ ಅಂದ್ರೆ ಮಾಡಬಹುದು ಅಂತಾನೋ, ಮಾಡಬಾರದು ಅಂತಾನೋ?" ಎಂದು ಮೇಷ್ಟ್ರು ನನ್ನನ್ನು ಕೇಳಿದರು. ನನಗೆ ತಿಳಿಯದು ಎಂದೆ.

ಸ್ಪರ್ಧೆಯ ಕರಪತ್ರದಲ್ಲಿ 'ಉತ್ತಮ ದರ್ಜೆಯ ಪರಿಕರ' ಎಂದಿದೆ, ಇದು ಉತ್ತಮ ದರ್ಜೆಯಲ್ಲ ಎಂದು ಶಿವಾನಂದ ಹೊಸ ದಾರಿ ಹಿಡಿದ. ಅದು ಸ್ಟ್ರೈಕರ್‌ಗೆ ಹೇಳಿದ್ದೋ ಬೋರ್ಡಿಗೆ ಹೇಳಿದ್ದೋ ಎಂದು ಮತ್ತೊಂದು ಚರ್ಚೆ ಎದ್ದಿತು. ಆ ಗದ್ದಲದಲ್ಲಿ ಹಿಂದಿನ ಬೆಂಚಿನಿಂದ ಯಾರೋ, "ಸೊರಬದ್ದು ಅಂದ್ರೆ ದಂತದ್ದೇ ಇರ್ಬೇಕು" ಅಂದರು. ಎಲ್ಲರೂ ಸ್ಟ್ರೈಕರ್ ಕಡೆ ತಿರುಗಿದರು. ಸುಶೀಲಾಳ ಸೋದರಮಾವ ಸುಬ್ಬಣ್ಣ ಗುಡಿಗಾರಿಕೆಯವರು. ಹಿಂದೆ ಗಂಧ, ದಂತ ಎರಡನ್ನೂ ಕೆತ್ತುತ್ತಿದ್ದರು. ದಂತದ ಕೆಲಸ ಕಾನೂನಿನಲ್ಲಿ ನಿಂತ ಮೇಲೆ ಕೊಂಬಿನ ಬಾಚಣಿಗೆ, ಕೀಗೊಂಚಲು ಮಾಡುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಹೆಸರಿನ ಪ್ರಶ್ನೆ ಉತ್ತರವಿಲ್ಲದೆ ಅಲ್ಲೇ ಉಳಿಯಿತು. ಉತ್ತರ ಸಿಗುವ ಪ್ರಶ್ನೆಗಳೆಂದರೆ ವಸ್ತು ಯಾವುದು, ತೂಕ ಎಷ್ಟು ಎಂಬೆರಡೇ. ಅವಕ್ಕೆ ತಕ್ಕಡಿ ಬೇಕಿತ್ತು. ಕೊಡೆಗಳ ಮೆರವಣಿಗೆ ಪೇಟೆಗೆ ಹೊರಟಿತು.

ಅಕ್ಕಸಾಲಿ ವಿಠ್ಠಲಾಚಾರ್ರು ಊಟ ಮಾಡಿ ಮಲಗಿದ್ದವರು ಎದ್ದು ಅಂಗಡಿಯ ಬಾಗಿಲು ತೆಗೆದರು. ಪೇಟೆಯಲ್ಲಿ ಚಿನ್ನ ತೂಗಿಸುವವರೆಲ್ಲ ಬರುತ್ತಿದ್ದುದು ಅವರಲ್ಲಿಗೇ. ಸುಶೀಲಾಳ ಸ್ಟ್ರೈಕರಿನ ಅಂಚನ್ನು ಕಲ್ಲಿನ ಮೇಲೆ ಬಿಸಿಯಾಗುವಷ್ಟು ತಿಕ್ಕಿ ಮೂಗಿಗೆ ಹಿಡಿದರು.

"ದಂತ ಅಲ್ಲ. ಕೊಂಬು. ಕೂದಲು ಸುಟ್ಟಂಗೆ ವಾಸನೆ ಬರ್ತೈತಿ. ಬೇಕಾದ್ರೆ ನೋಡ್ರಿ."

ಮೇಷ್ಟ್ರು ಮೂಸಿದರು, ಶಿವಾನಂದ ಮೂಸಿದ, ನಾನೂ ಮೂಸಿದೆ. ಕೊಂಬಿನ ಬಿಲ್ಲೆ. ನಡುವೆ ಗುಳಿ ತೋಡಿ ಕೆಂಪು ಅರಗು ತುಂಬಿ, ಅದರ ಮೇಲೆ ಕಂಪನಿಯ ಹೂವನ್ನೂ ಹೆಸರನ್ನೂ ಕೊರೆದಿದ್ದರು. ಆಚಾರ್ರು ಮೊದಲು ಅನ್ನಪೂರ್ಣಕ್ಕನ ಬಾಂಬೆ ಸ್ಟ್ರೈಕರ್ ತೂಗಿದರು. ಮಿತಿಯೊಳಗೆ ಇತ್ತು. ಆಮೇಲೆ ಇದನ್ನು ತೂಗಿ, ಕಣ್ಣು ಕಿರಿದು ಮಾಡಿ ಒಮ್ಮೆ ನೋಡಿ, ತೂಕ ಹೇಳಿದರು. ಬಾಂಬೆಯದಕ್ಕಿಂತ ಹಗುರ. ಮೇಷ್ಟ್ರು ನಿಟ್ಟುಸಿರು ಬಿಟ್ಟು, "ಆಟಕ್ಕೆ ಬರುತ್ತೆ" ಅಂದರು. ಎಲ್ಲರೂ ವಾಪಸ್ ಬಂದು, ಆರಿದ ಕೆಂಡ ಮತ್ತೆ ಹೊತ್ತಿಸಿ ಆಟ ಮುಂದುವರಿಸಿದರು. ಸುಶೀಲಾ ಗೆದ್ದಳು.

ನಾನು ಬರೆದ ಮೊದಲ ವಾಕ್ಯ ಹೀಗಿತ್ತು: ಸ್ಥಳೀಯವಾಗಿ ತಯಾರಿಸಿದ ಸ್ಟ್ರೈಕರ್ ತೂಕದ ಮಿತಿಯೊಳಗೆ ಇದ್ದುದರಿಂದ ಆಟಕ್ಕೆ ಅರ್ಹವೆಂದು ತೀರ್ಪು ನೀಡಲಾಗಿದ್ದು, ಸೊರಬದ ಸುಶೀಲಾ ಜಯ ಗಳಿಸಿದ್ದಾರೆ. ಅಚ್ಚಾದ ಮೇಲೆ ಸಂಪಾದಕರು ಫೋನ್ ಮಾಡಿದರು.

"ಅಲ್ಲಯ್ಯಾ, ಡೂಪ್ಲಿಕೇಟ್‌ನಲ್ಲಿ ಆಡಬಹುದಾ, ಆಡಬಾರದಾ?"

"ತೂಕ ಸರಿ ಇತ್ತು ಸಾರ್."

"ನಾನು ಕೇಳಿದ್ದು ಅದಲ್ಲ."

ಆ ವಾರ ಮಳೆ ಬಿಡಲೇ ಇಲ್ಲ. ಸಂಪಾದಕರ ಪ್ರಶ್ನೆಗೆ ಇನ್ನೊಂದಿಷ್ಟು ವಿವರ ಸಿಕ್ಕೀತೆಂದು ಆಚಾರ್ರ ಅಂಗಡಿಗೆ ಹೋಗಿ ಕೂತಿದ್ದೆ. ಅಷ್ಟರಲ್ಲಿ ಅನ್ನಪೂರ್ಣಕ್ಕ ಚಿನ್ನದ ಗುಂಡಿನ ಸರ ಹಿಡಿದು ಬಂದರು. ದಾರ ಸವೆದಿತ್ತು, ಪೋಣಿಸಿಕೊಡಬೇಕಿತ್ತು. ಕೊಡುವ ಮೊದಲು ತೂಗಿ ಕೊಡುವುದು ಅಲ್ಲಿಯ ಪದ್ಧತಿ. ಆಚಾರ್ರು ತೂಗಿ ತೂಕ ಹೇಳಿದರು. ತಕ್ಕಡಿಯಲ್ಲಿಟ್ಟ ತೂಕದ ಬೊಟ್ಟುಗಳನ್ನು ನೋಡುತ್ತಿದ್ದ ಅನ್ನಪೂರ್ಣಕ್ಕ ತಲೆಯೆತ್ತಿದರು.

"ಅಲ್ರೀ ಆಚಾರ್ರೇ, ಬೊಟ್ಟು ಜಾಸ್ತಿ ಅದಾವಲ್ಲ. ನೀವು ಕಮ್ಮಿ ಹೇಳ್ತೀರಿ."

"ಗುಂಡಿನೊಳಗೆ ಅರಗು ಐತಲ್ಲವ್ವ. ಅದನ್ನ ಕಳೆದು ಹೇಳಿದೆ."

"ಕಳೀರಿ ಅಂತ ನಾನು ಹೇಳ್ಲಿಲ್ಲಲ್ಲ."

"ಯಾರು ಹೇಳ್ತಾರೆ? ನಮ್ಮಪ್ಪನ ಕಾಲದಿಂದ ಅರಗು ಕಂಡ್ರೆ ಕಳೆದೇ ಹೇಳೋದು. ಅರಗನ್ನ ಚಿನ್ನ ಅಂತ ತೂಗೋಕಾಗ್ತದೇನು?"

ಅನ್ನಪೂರ್ಣಕ್ಕ ನನ್ನ ಕಡೆ ನೋಡಿದರು. ನಾನೂ ಅವರ ಕಡೆ ನೋಡಿದೆ. ಕೇಳಿದವರು ಅವರೇ.

"ಆ ಹುಡುಗಿ ಸ್ಟ್ರೈಕರ್‌ದು?"

"ಅದರ ನಡುವೆನೂ ಅರಗು ಇತ್ತಲ್ಲ," ಅಂದರು ಆಚಾರ್ರು. "ಕಣ್ಣಳತೆ ಮೇಲೆ ಕಳೆದೆ."

"ಕಳೀದಿದ್ರೆ?"

ಆಚಾರ್ರು ಬೊಟ್ಟುಗಳನ್ನು ಡಬ್ಬಿಗೆ ಹಾಕಿದರು. "ಹದಿನೈದರ ಮ್ಯಾಲೆ ಒಂದಿಷ್ಟು ಬರ್ತಿತ್ತು. ಯಾಕ್ರೀ, ಅರಗಿಗೂ ದುಡ್ಡು ಕೊಡ್ತಾರೇನು ಆ ಆಟದಾಗೆ?"

ಹೊರಗೆ ಬಂದಾಗ ಅನ್ನಪೂರ್ಣಕ್ಕ ಜಗಲಿಯಲ್ಲೇ ನಿಂತರು. ಕೊಡೆ ಬಿಚ್ಚಲಿಲ್ಲ.

"ಶಿವೂಗೆ ಹೇಳಿದ್ರೆ ಪೇಟೆ ತುಂಬ ಕುಣೀತಾನೆ. ಹೇಳದಿದ್ರೆ ನಾನು ಇನ್ನೊಂದ್ಸಲ ಬೋರ್ಡಿನ ಮುಂದೆ ಹೆಂಗ ಕೂಡ್ಲಿ? ನೀವು ಬರೀತೀರೇನು?"

"ಗೊತ್ತಾದ್ದು ಬರೀಬೇಕು ಅಕ್ಕ. ಮೊದಲು ಮೇಷ್ಟ್ರು ಏನಂತಾರೋ ಕೇಳ್ಬೇಕು."

"ನಾನೇ ಹೇಳ್ತೀನಿ ಮೇಷ್ಟ್ರಿಗೆ. ಶಿವೂ ಬಾಯಿಂದ ಬರೋದು ಬ್ಯಾಡ."

ಹನುಮಂತಪ್ಪ ಮೇಷ್ಟ್ರು ಕೇಳಿ ಕೂತುಬಿಟ್ಟರು. ಆಡುವಾಗ ಅರಗೂ ಸೇರಿಯೇ ಓಡುವುದರಿಂದ ಅರಗಿನ ತೂಕವೂ ತೂಕವೇ ಎಂಬುದು ಅವರಿಗೆ ಸ್ಪಷ್ಟವಿತ್ತು. ಉಳಿದದ್ದೆಲ್ಲ ಕಲಸಿಹೋಗಿತ್ತು. ತೂಕ ಹೇಳಿದವರು ಆಚಾರ್ರು, ಒಪ್ಪಿದವರು ತಾವು. ಹುಡುಗಿಯ ತಪ್ಪು ಏನು? ಗೆದ್ದದ್ದನ್ನು ಕಿತ್ತುಕೊಳ್ಳುವುದೋ, ಬಿಡುವುದೋ? ಕಡೆಗೆ, ಫೈನಲ್ ಇನ್ನೊಮ್ಮೆ ಆಡಿಸುವುದು ಎಂದರು. ಸ್ಟ್ರೈಕರ್ ಯಾವುದೇ ಇರಲಿ, ಏನೂ ಕಳೆಯದೆ ಹದಿನೈದು ಗ್ರಾಂ ಒಳಗೆ ಇರಬೇಕು. ಸೊರಬಕ್ಕೆ ಹೋಗಿ ತಿಳಿಸುವವರು ಯಾರು ಎಂದಾಗ, ಅವಳ ಮಾತೂ ವರದಿಗೆ ಬೇಕಾಗಿದ್ದರಿಂದ ನಾನು ಹೊರಟೆ.

ಎಕ್ಸ್‌ಚೇಂಜಿನ ಕಿಟಕಿಯಲ್ಲಿ ವಿಷಯ ಹೇಳಿದೆ. ಸುಶೀಲಾ ಕಿವಿಯ ಮೇಲಿನ ಹೆಡ್‌ಫೋನ್ ತೆಗೆಯಲಿಲ್ಲ.

"ಅಂದ್ರೆ ನಾನು ಗೆದ್ದಿದ್ದು ಸುಳ್ಳಾ?"

"ತೂಕ ಸುಳ್ಳು. ಗೆದ್ದಿದ್ದು ಏನು ಅಂತ ಮೇಷ್ಟ್ರು ಹೇಳಿಲ್ಲ."

"ನೀವು ಪೇಪರ್‌ನವರು ಹೀಗೇ ಮಾತಾಡ್ತೀರಿ," ಎಂದಳು. ಆಮೇಲೆ, "ಅನ್ನಪೂರ್ಣಕ್ಕನೇ ಹೇಳಿದ್ರಾ? ಅವ್ರ ಮೈದುನ ಅಲ್ಲ?" ಎಂದು ಎರಡು ಸಲ ಕೇಳಿದಳು.

ಕೆಲಸ ಮುಗಿಸಿ ಅವಳು ನನ್ನನ್ನು ಮಾವನ ಹತ್ತಿರ ಕರೆದೊಯ್ದಳು. ಸುಬ್ಬಣ್ಣನವರ ಕೊಟ್ಟಿಗೆಯಲ್ಲಿ ತಿರುಗಿಸಿ ಕಡೆಯುವ ಚರಕಿ, ಉಳಿಗಳು, ಕೊಂಬಿನ ತುಂಡುಗಳು. ಬಾಂಬೆ ಸ್ಟ್ರೈಕರ್ ಕೊಳ್ಳಲು ಶಿವಮೊಗ್ಗದವರೆಗೆ ಯಾಕೆ ಹೋಗುವುದು ಎಂದು, ಯಾರದೋ ಒಂದನ್ನು ಎದುರಿಗೆ ಇಟ್ಟುಕೊಂಡು ಇದನ್ನು ಮಾಡಿದ್ದೆ ಎಂದರು. ಇಡೀ ಕೊಂಬಾದರೆ ಭಾರ ಬರುತ್ತದೆಂದೇ ನಡುವೆ ತೋಡಿ ಅರಗು ತುಂಬಿದ್ದಂತೆ. ಹೆಸರನ್ನು ಯಾಕೆ ಕೆತ್ತಿದಿರಿ ಎಂದು ಕೇಳಿದೆ.

"ನೋಡಿದ್ದನ್ನ ಇದ್ದ ಹಾಗೇ ಮಾಡೋದು ನಮ್ಮ ಕೆಲಸ. ಇದು ಬೇಕು, ಇದು ಬೇಡ ಅಂತ ಬಿಟ್ಟರೆ ಅದು ಕಸುಬಾ?"

"ಮಾವ, ಅದು ನಕಲಿ ಆಗ್ತದಂತೆ," ಎಂದಳು ಸುಶೀಲಾ.

"ಗಣಪತಿ ಕೆತ್ತಿದ್ರೆ ಯಾರೂ ಹಾಗೆ ಅನ್ನಲ್ಲ," ಎಂದರು.

ಮಾತಾಡುತ್ತಲೇ ಅವರು ಸ್ಟ್ರೈಕರನ್ನು ಕೆಂಡದ ಹತ್ತಿರ ಹಿಡಿದರು. ಅರಗು ಮೆದುವಾಯಿತು. ಸಣ್ಣ ಉಳಿಯ ತುದಿಯಿಂದ ಅದನ್ನು ಎಬ್ಬಿಸಿ ತೆಗೆದರು. ಹೂವು ಹೋಯಿತು, ಕಂಪನಿಯ ಹೆಸರೂ ಅದರ ಜತೆಗೇ ಹೋಯಿತು. ಕೈಯಲ್ಲಿ ಉಳಿದದ್ದು ನಡುವೆ ಗುಳಿಯಿದ್ದ, ಹೆಸರಿಲ್ಲದ ಒಂದು ಕೊಂಬಿನ ಬಿಲ್ಲೆ. ಸುಶೀಲಾ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಕೈಗೆ ಬೇರೇನೇ ಅನ್ನಿಸ್ತದೆ" ಎಂದಳು.

ಮುಂದಿನ ಭಾನುವಾರ ಮತ್ತೆ ಆಚಾರ್ರ ಅಂಗಡಿ.

"ಏನೂ ಕಳೀಬ್ಯಾಡ್ರಿ, ತಕ್ಕಡಿ ಏನು ಹೇಳ್ತದೋ ಅದನ್ನೇ ಹೇಳ್ರಿ," ಎಂದು ಮೇಷ್ಟ್ರು ಎರಡು ಸಲ ಹೇಳಿದರು.

ಆಚಾರ್ರು ತೂಗಿದರು. ಹಿಂದಿನ ಸಲ ಹೇಳಿದ ತೂಕವೇ ಬಂತು. "ನಾನು ಆವತ್ತೇ ಹೇಳಿದ್ನಲ್ಲ," ಎಂದು ಆಚಾರ್ರು ಬಾಗಿಲು ಹಾಕಿಕೊಂಡರು.

ಶಿವಾನಂದ ಸ್ಟ್ರೈಕರನ್ನು ಹಿಂದೆ ಮುಂದೆ ತಿರುಗಿಸಿದ. ತಕರಾರು ಮಾಡಲು ಅದರ ಮೇಲೆ ಹೆಸರೇ ಇರಲಿಲ್ಲ. "ಗುಳಿ ಐತಲ್ಲ, ನುಣುಪಾಗಿರಬೇಕು ಅಂತ ಅಲ್ಲೇನು ರೂಲು?" ಎಂದ. ಗುಳಿಯೂ ನುಣುಪಾಗೇ ಇದೆ ಎಂದು ಮೇಷ್ಟ್ರು ಬೆರಳು ಹಾಕಿ ತೋರಿಸಿದರು.

ಆ ಸಲ ಕೋಣೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹಗುರಾದ ಸ್ಟ್ರೈಕರ್ ಸುಶೀಲಾಳ ಲೆಕ್ಕ ತಪ್ಪಿಸುತ್ತಿತ್ತು. ಹೊಡೆತ ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ಆದರೂ ಹಿಡಿದು ನಿಂತಳು. ಕೊನೆಯ ಬೋರ್ಡಿನಲ್ಲಿ ಇಬ್ಬರೂ ಸಮ ಇದ್ದರು. ರೆಡ್ ಮೂಲೆಯ ಹತ್ತಿರ ನಿಂತಿತ್ತು. ಸುಶೀಲಾ ಹೊಡೆದದ್ದು ಅಂಚಿಗೆ ತಾಗಿ ವಾಪಸ್ ಬಂತು. ಅನ್ನಪೂರ್ಣಕ್ಕ ಸೆರಗು ಸಿಕ್ಕಿಸಿಕೊಂಡು, ಬೋರ್ಡಿಗೆ ಮುಖ ತಂದು, ಮೆತ್ತಗೆ ತಳ್ಳಿದರು. ರೆಡ್ ಬಿತ್ತು. ಅದರ ಹಿಂದೆಯೇ ಕೊನೆಯ ಕಾಯಿನ್ ಕೂಡ ಬಿತ್ತು.

ಶಿವಾನಂದ ಎರಡೂ ಕೈ ಎತ್ತಿದ. ಸುಶೀಲಾ ಬೋರ್ಡಿನ ಮೇಲಿನ ಪೌಡರನ್ನು ಅಂಗೈಯಿಂದ ಸವರುತ್ತ ಕೂತಳು. ಮೇಷ್ಟ್ರು ಹೆಸರು ಬರೆಯಲು ಪೆನ್ನು ತೆಗೆದರು.

"ನನ್ನ ಹೆಸರು ಬರೀಬ್ಯಾಡ್ರಿ," ಎಂದರು ಅನ್ನಪೂರ್ಣಕ್ಕ.

"ಯಾಕತ್ತಿಗೀ?" ಎಂದ ಶಿವಾನಂದ. ಅವನ ಕೈ ಇನ್ನೂ ಮೇಲೇ ಇತ್ತು.

"ಆ ಸ್ಪರ್ಧೆ ಇರೋದು ಯಾವಾಗ? ಶ್ರಾವಣದಾಗೆ. ಪಂಚಮಿ, ವರಮಹಾಲಕ್ಷ್ಮಿ ಅಂತ ಅಂಗಡಿ ತುಂಬ ಜನ ಇರ್ತಾರೆ. ಸೀರೆ ಬಿಚ್ಚಿ ತೋರ್ಸೋರು ಯಾರು, ನೀನಾ? ನಾನು ಹೋಗೋಳಲ್ಲ."

"ಮತ್ತೆ ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ? ತಕರಾರು ತೆಗಿಯೋ ಮುಂಚೆ ಅತ್ತಿಗೆ ನೀ ಹೋಗ್ತೀಯಾ ಅಂತ ಒಂದ್ ಮಾತು ಕೇಳಿದ್ಯಾ?"

ಶಿವಾನಂದ ಕೈ ಇಳಿಸಿದ. ಸುಶೀಲಾ ತಲೆಯೆತ್ತಿ, "ಹಾಗಾದ್ರೆ ನೀವು ಸೋಲಬೋದಿತ್ತಲ್ಲ ಅಕ್ಕಾರೆ, ನನ್ನ ಯಾಕೆ ಇಷ್ಟು ಗೋಳು ಹೊಯ್ಕೊಂಡ್ರಿ?" ಎಂದಳು. ಅವಳಿಗೆ ಅಳು ಬಂದಿತ್ತೋ ನಗು ಬಂದಿತ್ತೋ ತಿಳಿಯಲಿಲ್ಲ.

"ಆಡೋಕೆ ಕೂತ ಮ್ಯಾಲೆ ಸೋಲೋಕಾಗ್ತದೇನೇ ತಂಗಿ?"

ಗೆದ್ದವರು ಹೋಗದಿದ್ದರೆ ಸೋತವರನ್ನು ಕಳಿಸಬಹುದೋ ಎಂದು ಮೇಷ್ಟ್ರು ನಿಯಮದ ಹಾಳೆಯನ್ನು ಮತ್ತೆ ತೆಗೆದರು. ಅದರಲ್ಲಿ ಅದೂ ಇರಲಿಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡು ಸುಶೀಲಾಳ ಹೆಸರು ಬರೆದರು. ಹೊರಡುವಾಗ ಅನ್ನಪೂರ್ಣಕ್ಕ ತಮ್ಮ ಬಾಂಬೆ ಸ್ಟ್ರೈಕರನ್ನು ಅವಳ ಕೈಗಿಟ್ಟು, ಗುಳಿಯಿದ್ದ ಕೊಂಬಿನದನ್ನು ತಾವು ತೆಗೆದುಕೊಂಡರು. "ಅಲ್ಲಿ ಯಾರಾದರೂ ಇನ್ನೊಬ್ಬ ಶಿವೂ ಇದ್ದಾನು. ಬಂದ ಮ್ಯಾಲೆ ಬದಲಾಯಿಸ್ಕೊಳ್ಳಾಣ."

ಆ ಸಂಜೆ ಬರೆದ ವರದಿಯ ಮೊದಲ ವಾಕ್ಯದಲ್ಲಿ ಅನ್ನಪೂರ್ಣಕ್ಕ ಗೆದ್ದರು ಎಂದಿತ್ತು. ಎರಡನೆಯದರಲ್ಲಿ ಸುಶೀಲಾ ಆಯ್ಕೆಯಾದಳು ಎಂದಿತ್ತು. ಮೊದಲ ಫೈನಲ್‌ನ ತೂಕ ಅರಗು ಕಳೆದದ್ದಾಗಿತ್ತು ಎಂಬ ತಿದ್ದುಪಡಿ ಮೂರನೆಯದು. ಸಂಪಾದಕರು ಮೂರನ್ನೂ ಹಾಗೇ ಬಿಟ್ಟರು.

ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ ಸ್ಟ್ರೈಕರ್ ಪರೀಕ್ಷಿಸುವ ಮೇಜಿನವರು ಕಂಪನಿಯ ಹೆಸರು ನೋಡಿ, ತೂಗದೆ ಒಳಗೆ ಬಿಟ್ಟರು ಎಂದು ಸುಶೀಲಾ ಬಂದ ಮೇಲೆ ಹೇಳಿದಳು. ಎರಡನೇ ಸುತ್ತಿನಲ್ಲಿ ಸೋತಿದ್ದಳು. ನಕಲಿಯಲ್ಲಿ ಆಡಬಹುದೋ ಎಂದು ಅಲ್ಲಿ ಕೇಳಿದೆಯಾ ಎಂದೆ. ಕೈಯಲ್ಲಿ ಅಸಲಿ ಇತ್ತು, ಕೇಳಲು ನೆನಪಾಗಲಿಲ್ಲ ಎಂದಳು. ಸೊರಬದ ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆಯಿತು. ಅವಳಿಗೆ ಆಮೇಲೆ ಒಂದು ಸರ್ಕಾರಿ ಕಚೇರಿಯಲ್ಲಿ ಕಾಯಂ ಕೆಲಸ ಸಿಕ್ಕಿತು. ಅದು ಕ್ರೀಡಾ ಮೀಸಲಿನಲ್ಲಿ ಬಂದದ್ದೋ ಸಾಮಾನ್ಯ ಪಟ್ಟಿಯಲ್ಲೋ ಅವಳಿಗೂ ತಿಳಿಯದು. ಆದೇಶದಲ್ಲಿ ಎರಡೂ ಬರೆದಿರಲಿಲ್ಲ.

ಕಳೆದ ತಿಂಗಳು ಮಳೆ ನಿಂತ ಮೇಲೆ ಜವಳಿ ಅಂಗಡಿಗೆ ಹೋದೆ. ಅನ್ನಪೂರ್ಣಕ್ಕ ಅಟ್ಟದ ಮೇಲೆ ಶಿವಾನಂದನ ಜತೆ ಆಡುತ್ತಿದ್ದರು. ಸ್ಟ್ರೈಕರ್‌ಗಳನ್ನು ಇಬ್ಬರೂ ಮರಳಿ ಬದಲಾಯಿಸಿಕೊಂಡಿರಲೇ ಇಲ್ಲ. ಬಾಂಬೆಯದು ಈಗಲೂ ಸೊರಬದಲ್ಲಿದೆ. ನಾನು ನೋಡುತ್ತಿರುವಾಗ ಶಿವಾನಂದ ಆ ಕೊಂಬಿನದರಲ್ಲಿ ರೆಡ್ ಹಾಕಿದ.